ವೇದಿಕೆ ಮೇಲೆ ಹತ್ತಿಸಿದ್ರಿ, ನಿರ್ದೇಶಕರ ಕುರ್ಚಿ ಯಾವಾಗ ಕೊಡ್ತೀರಿ?

ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ, ನಾಟಕ, ಸಂಗೀತ ನೃತ್ಯ, ಲಲಿತಕಲಾ, ಯಕ್ಷಗಾನ, ಜಾನಪದ ಅಕಾಡೆಮಿಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ, ರಂಗಾಯಣಗಳ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ.

ಎಲ್ರಿಗೂ ನಮಸ್ಕಾರ.

ನಾನು ಶಿವಮೊಗ್ಗ ಜಿಲ್ಲೆಯವಳು. ಹವ್ಯಾಸಿ ರಂಗಭೂಮೀಲಿ ಬೆಳಕಿನ ವಿನ್ಯಾಸ ಮಾಡ್ತೀನಿ, ನಾಟಕ ನಿರ್ದೇಶನಾನೂ ಮಾಡ್ತೀನಿ. ನಂಗೆ ಆಟಿಸಂ ಇದೆ, ಅದು ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ, ಅಲ್ಲೀವರೆಗೂ 'ಆಕೆ ಸ್ವಲ್ಪ ಒಂಥರಾ, ಆದ್ರೆ ಲೈಟಿಂಗ್ ಚೆನ್ನಾಗ್ ಮಾಡ್ತಾಳೆ' ಅನ್ನೋದೇ ನನ್ನ ಪರಿಚಯ ಆಗಿತ್ತು. ಈ ಪತ್ರ ಬರೀತಿರೋದು ನಂಗೊಬ್ಬಳಿಗೆ ಏನೋ ಕೊಡಿ ಅಂತ ಕೇಳಕ್ಕಲ್ಲ. ಆಟಿಸಂ, ಎಡಿಎಚ್‌ಡಿ (ಗಮನ ಒಂದೇ ಕಡೆ ನಿಲ್ಲಿಸೋದು ಕಷ್ಟ), ಡಿಸ್ಲೆಕ್ಸಿಯಾ (ಓದೋದು ಬರೆಯೋದು ಕಷ್ಟ), ಟುರೆಟ್ (ಬೇಡ ಅಂದ್ರೂ ಮೈ ಅಲುಗುತ್ತೆ, ಸದ್ದು ಬರುತ್ತೆ), ಬೌದ್ಧಿಕ ಅಂಗವೈಕಲ್ಯ, ಹೀಗೆ ಮಿದುಳು ಬೇರೆ ರೀತಿ ಕೆಲಸ ಮಾಡೋ ಜನರನ್ನ ಈಗ ನ್ಯೂರೋಡೈವರ್ಜೆಂಟ್ ಅಂತ ಕರೀತಾರಲ್ಲ, ಅವ್ರನ್ನ ನಮ್ಮ ಕಲಾಕ್ಷೇತ್ರ ಯಾವ ಜಾಗದಲ್ಲಿ ಕೂರಿಸ್ತಿದೆ ಅನ್ನೋದನ್ನ ಕೇಳಕ್ಕೆ.

ವರ್ಷಕ್ಕೆ ಎರಡು ದಿನ ನಮ್ಮ ನೆನಪಾಗುತ್ತೆ. ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ, ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. ಆ ದಿನ ಒಂದು ಸಭಾಂಗಣ ಬುಕ್ ಆಗುತ್ತೆ, ಮಕ್ಕಳು ಒಂದು ಹಾಡಿಗೆ ಡ್ಯಾನ್ಸ್ ಮಾಡ್ತಾರೆ, ಗಣ್ಯರು ದೀಪ ಹಚ್ತಾರೆ, ಹೂಗುಚ್ಛ, ಸರ್ಟಿಫಿಕೇಟ್, ಗ್ರೂಪ್ ಫೋಟೋ, ಮುಗೀತು. ಅದನ್ನ ಮಾಡಬೇಡಿ ಅಂತ ನಾನು ಹೇಳಲ್ಲ, ಎಷ್ಟೋ ಅಪ್ಪ ಅಮ್ಮಂದ್ರಿಗೆ ಅದು ವರ್ಷದ ದೊಡ್ಡ ಸಂತೋಷ. ಆದ್ರೆ ಹಾಡು ಆರಿಸಿದ್ದು ಯಾರು, ಬಟ್ಟೆ ಯಾವ್ದು ಅಂತ ನಿರ್ಧಾರ ಮಾಡಿದ್ದು ಯಾರು, ಆ ಸ್ಪೀಕರ್ ಅಷ್ಟು ಜೋರಾಗಿ ಇಡಿ ಅಂದಿದ್ದು ಯಾರು? ವೇದಿಕೆ ಮೇಲಿದ್ದೋರು ಯಾರೂ ಅಲ್ಲ. ನಮ್ಮನ್ನ ನೋಡಿ ಕಣ್ಣೊರೆಸ್ಕೊಳ್ಳೋರು ಬಹಳ ಜನ ಸಿಗ್ತಾರೆ, ಹತ್ರ ಬಂದು 'ಈ ದೃಶ್ಯ ಹೇಗೆ ಕಟ್ಟೋಣ, ನೀವೇ ಹೇಳಿ' ಅಂತ ಕೇಳೋರು ಸಿಗೋದು ಅಪರೂಪ.

ನನ್ನ ಮಾತು ಇಷ್ಟೇ. ಕಲೆಯಲ್ಲಿ ನಮಗೆ ಬೇಕಾಗಿರೋದು ಭಾಗವಹಿಸೋ ಅವಕಾಶ ಮಾತ್ರ ಅಲ್ಲ, ನಿರ್ಧಾರ ಮಾಡೋ ಅಧಿಕಾರ. ನಿರ್ದೇಶಕರ ಕುರ್ಚಿ, ಆಯ್ಕೆ ಸಮಿತಿಯ ಕುರ್ಚಿ, ಅಕಾಡೆಮಿ ಸದಸ್ಯರ ಕುರ್ಚಿ.

ಇದೇನು ಆಕಾಶದಲ್ಲಿರೋ ನಕ್ಷತ್ರ ಕೇಳ್ತಿದ್ದಾಳೆ ಅಂದ್ಕೋಬೇಡಿ, ಬೇರೆ ಕಡೆ ಆಗಿದೆ. ಬ್ರಿಟನ್‌ನಲ್ಲಿ ಟರ್ನರ್ ಪ್ರೈಜ್ ಅಂತ ಒಂದಿದೆ, 1984ರಿಂದ ಕೊಡ್ತಿದ್ದಾರೆ, ಸಮಕಾಲೀನ ದೃಶ್ಯಕಲೆಗೆ ಅಲ್ಲಿ ಅದಕ್ಕಿಂತ ಸದ್ದು ಮಾಡೋ ಪ್ರಶಸ್ತಿ ಇಲ್ಲ. 2025ರ ಡಿಸೆಂಬರ್‌ನಲ್ಲಿ ಅದು ಸಿಕ್ಕಿದ್ದು ನೆನಾ ಕಲು ಅನ್ನೋ ಕಲಾವಿದೆಗೆ. 1966ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ, ನೈಜೀರಿಯಾ ಮೂಲದ ಹೆಣ್ಮಗಳು, ಆಟಿಸಂ ಇದೆ, ಕಲಿಕೆಯ ಅಂಗವೈಕಲ್ಯ ಇದೆ, ಮಾತು ತೀರಾ ಕಮ್ಮಿ. ಕಲಿಕೆಯ ಅಂಗವೈಕಲ್ಯ ಇರೋ ಕಲಾವಿದರಿಗೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಹಳೇ ವಿಡಿಯೋ ಟೇಪು, ಹಗ್ಗ, ಬಟ್ಟೆ, ಪ್ಲಾಸ್ಟಿಕ್ಕು, ಸಿಕ್ಕಿದ್ದನ್ನೆಲ್ಲಾ ಸುತ್ತಿ ಸುತ್ತಿ ಕಟ್ಟಿ ತೂಗುಹಾಕೋ ದೊಡ್ಡ ದೊಡ್ಡ ಆಕಾರಗಳು ಆಕೆಯ ಕೆಲಸ, ಜೊತೆಗೆ ಸುಳಿ ಸುಳಿಯಾಗಿ ಹೋಗೋ ಚಿತ್ರಗಳು. 1999ರಿಂದ ಲಂಡನ್‌ನ ಆಕ್ಷನ್‌ಸ್ಪೇಸ್ ಅನ್ನೋ ಸಂಸ್ಥೆ ಆಕೆ ಜೊತೆ ನಿಂತಿದೆ. ಲೆಕ್ಕ ಹಾಕಿ, ಇಪ್ಪತ್ತೈದು ವರ್ಷಕ್ಕಿಂತ ಜಾಸ್ತಿ. ಒಂದು ದಿನದ ವರ್ಕ್‌ಶಾಪ್ ಮಾಡ್ಸಿ ಸರ್ಟಿಫಿಕೇಟ್ ಕೊಟ್ಟು ಕಳಿಸಿದ್ರೆ ಇದು ಆಗ್ತಿತ್ತಾ? ಸ್ಟುಡಿಯೋ ಜಾಗ, ಸಾಮಗ್ರಿ, ಪಕ್ಕದಲ್ಲಿ ನಿಂತು ಸಹಾಯ ಮಾಡೋ ಒಬ್ರು ಕಲಾವಿದರು, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಸಮಯ, ಇವೆಲ್ಲಾ ವರ್ಷಾನುಗಟ್ಲೆ ಸಿಕ್ಕಿದ್ದಕ್ಕೆ ಆಗಿದ್ದು.

ನಾಟಕದವರಿಗೆ ನಾಟಕದ್ದೇ ಉದಾಹರಣೆ ಕೊಡ್ತೀನಿ. ಆಸ್ಟ್ರೇಲಿಯಾದ ಜೀಲಾಂಗ್ ಅನ್ನೋ ಊರಲ್ಲಿ ಬ್ಯಾಕ್ ಟು ಬ್ಯಾಕ್ ಥಿಯೇಟರ್ ಅಂತ ತಂಡ ಇದೆ, 1987ರಿಂದ. ನಟರೆಲ್ಲಾ ನ್ಯೂರೋಡೈವರ್ಜೆಂಟ್ ಇರೋರು, ಬೌದ್ಧಿಕ ಅಂಗವೈಕಲ್ಯ ಇರೋರು, ಸಂಬಳ ತಗೊಂಡು ವೃತ್ತಿಯಾಗಿ ಕೆಲಸ ಮಾಡೋರು. ಬೇರೆ ಯಾರೋ ಬರ್ದಿದ್ದನ್ನ ಬಾಯಿಪಾಠ ಮಾಡಿ ಒಪ್ಪಿಸಲ್ಲ, ನಾಟಕ ಕಟ್ಟೋದ್ರಲ್ಲೇ ಅವ್ರಿರ್ತಾರೆ, ಇಂಪ್ರೊವೈಸ್ ಮಾಡಿ, ಜಗಳ ಆಡಿ, ಒಂದೊಂದು ನಾಟಕಕ್ಕೆ ವರ್ಷಗಳು ತಗೊಂಡು. 2022ರಲ್ಲಿ ಈ ತಂಡಕ್ಕೆ ನಾರ್ವೆಯ ಅಂತಾರಾಷ್ಟ್ರೀಯ ಇಬ್ಸೆನ್ ಪ್ರಶಸ್ತಿ ಬಂತು, 2008ರಲ್ಲಿ ಮೊದಲ ಸಲ, 'ಮಹಾಭಾರತ' ನಾಟಕ ಮಾಡಿದ ನಿರ್ದೇಶಕ ಪೀಟರ್ ಬ್ರೂಕ್ ಅವ್ರಿಗೆ ಕೊಟ್ಟಿದ್ರಲ್ಲ, ಅದೇ. 2024ರಲ್ಲಿ ಇಟಲಿಯ ದೊಡ್ಡ ಕಲಾ ಉತ್ಸವ ವೆನಿಸ್ ಬಿಯೆನ್ನಾಲೆಯ ರಂಗಭೂಮಿ ವಿಭಾಗದಲ್ಲಿ ಜೀವಮಾನ ಸಾಧನೆಯ ಗೋಲ್ಡನ್ ಲಯನ್. 'ವಿಶೇಷ ವಿಭಾಗ' ಅಂತ ಬೇರೆ ಮಾಡಿ ಕೊಟ್ಟಿದ್ದಲ್ಲ, ಎಲ್ಲರ ಜೊತೆ ನಿಂತು ತಗೊಂಡಿದ್ದು.

ಅವರ 2011ರ ಒಂದು ನಾಟಕದ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಅದ್ರಲ್ಲಿ ನಮ್ಮ ಗಣಪತಿ ಇದ್ದಾನೆ. ನಾಜಿಗಳು ಸ್ವಸ್ತಿಕ ಚಿಹ್ನೆ ಕದ್ದಿದ್ದಾರೆ, ಅದನ್ನ ವಾಪಸ್ ತರಕ್ಕೆ ಗಣೇಶ ಜರ್ಮನಿಗೆ ಹೊರಡ್ತಾನೆ. ಅಂಗವಿಕಲರನ್ನ ಸಾಲುಸಾಲಾಗಿ ಕೊಂದ ಆ ಕಾಲದ ಜರ್ಮನಿಗೆ ಆನೆತಲೆಯ ದೇವ್ರು ಹೋಗ್ತಿದ್ದಾನೆ ಅಂದ್ರೆ ಅರ್ಥ ಮಾಡ್ಕೊಳ್ಳಿ. ಅದು ಒಂದು ಕಥೆ. ಇನ್ನೊಂದು ಕಥೆ ಅದರ ಪಕ್ಕದಲ್ಲೇ ನಡೆಯುತ್ತೆ, ಇದೇ ನಾಟಕ ಮಾಡ್ತಿರೋ ತಂಡದ ತಾಲೀಮು. ಅಲ್ಲೊಬ್ಬ ನಿರ್ದೇಶಕ, ಅಂಗವೈಕಲ್ಯ ಇಲ್ಲದವನು, ನಿಧಾನಕ್ಕೆ ದಬ್ಬಾಳಿಕೆ ಶುರು ಮಾಡ್ತಾನೆ, ಈ ಕಥೆ ಹೇಳೋ ಹಕ್ಕು ಯಾರದ್ದು, ಇಲ್ಲಿ ಮಾಲೀಕ ಯಾರು ಅಂತ ನಟರಿಗೂ ಅವನಿಗೂ ಜಟಾಪಟಿ ಆಗುತ್ತೆ. ಇವತ್ತು ನಾನು ನಿಮ್ಮ ಮುಂದೆ ಇಡ್ತಿರೋ ಪ್ರಶ್ನೇನೇ ಅವ್ರು ಆಗ್ಲೇ ನಾಟಕ ಮಾಡಿ ತೋರ್ಸಿದ್ದಾರೆ. ಆ ಸಮಯದಲ್ಲಿ ಗಣೇಶನನ್ನ ಹೀಗೆ ತೋರಿಸಬಾರದು ಅಂತ ಕೆಲವು ಹಿಂದೂ ಗುಂಪುಗಳು ಆಕ್ಷೇಪಾನೂ ಎತ್ತಿದ್ವು, ಅದು ಬೇರೆ ಚರ್ಚೆ.

ಇಲ್ಲಿಗೆ ಬರ್ತೀನಿ. ಕಾನೂನು ನಮ್ಮಲ್ಲೂ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2017ರ ಏಪ್ರಿಲ್‌ನಿಂದ ಜಾರೀಲಿದೆ. ಉದ್ಯೋಗ ಮೀಸಲಾತಿ, ರ‍್ಯಾಂಪು, ಲಿಫ್ಟು, ಇವುಗಳ ಬಗ್ಗೆ ಎಲ್ರೂ ಮಾತಾಡ್ತಾರೆ. 29ನೇ ಸೆಕ್ಷನ್ ಬಗ್ಗೆ ಮಾತಾಡಿದ್ದನ್ನ ನಾನು ಯಾವ ಸಾಂಸ್ಕೃತಿಕ ವೇದಿಕೆಯಲ್ಲೂ ಕೇಳಿಲ್ಲ. ಅದು ಪೂರ್ತಿ ಸಂಸ್ಕೃತಿ ಮತ್ತು ಮನರಂಜನೆಗೆ ಸಂಬಂಧಪಟ್ಟಿದ್ದು. ಅಂಗವೈಕಲ್ಯ ಇರೋ ಕಲಾವಿದರಿಗೆ, ಲೇಖಕರಿಗೆ ಸೌಲಭ್ಯ, ನೆರವು, ಪ್ರಾಯೋಜನೆ ಕೊಡಬೇಕು, ಕಲೆ ಅವ್ರಿಗೆ ಎಟುಕೋ ಹಾಗೆ ಮಾಡಬೇಕು, ಕಲೆಗೆ ಸಂಬಂಧಿಸಿದ ಕೋರ್ಸುಗಳನ್ನೇ ಅವ್ರು ಸೇರೋ ಥರ ಮರುವಿನ್ಯಾಸ ಮಾಡಬೇಕು, ಅಂತೆಲ್ಲಾ ಅಲ್ಲಿ ಸ್ಪಷ್ಟವಾಗಿದೆ. ಇದು ಸರ್ಕಾರಗಳ ಕರ್ತವ್ಯ ಅಂತಾನೇ ಬರ್ದಿದೆ. ಅಂದ್ರೆ ನಾನು ಕೇಳ್ತಿರೋದು ದಯೆ ಅಲ್ಲ ಸರ್, ದಯೆ ಅಲ್ಲ ಮೇಡಂ. ಈ ಕೆಲಸ ವಿಕಲಚೇತನರ ಇಲಾಖೆಯದ್ದು, ನಮ್ಮದಲ್ಲ ಅಂತ ಫೈಲು ಆ ಕಡೆ ತಳ್ಳೋ ಹಾಗೂ ಇಲ್ಲ, ಕಲೆ ಸಂಸ್ಕೃತಿ ನಿಮ್ಮದೇ ಖಾತೆ.

ಈಗ ಬಾಗಿಲು ಎಲ್ಲಿ ಮುಚ್ಚಿಕೊಳ್ಳುತ್ತೆ ಅಂತ ಹೇಳ್ತೀನಿ, ಯಾಕಂದ್ರೆ ಯಾರೂ ಬೇಕಂತ ಮುಚ್ಚಲ್ಲ, ನಾವು ಆಯ್ಕೆ ಮಾಡೋ ಕ್ರಮಾನೇ ಹಾಗಿದೆ.

ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಯ ನಿರ್ದೇಶಕರ ಫೆಲೋಶಿಪ್ಪಿಗೆ ಅರ್ಜಿ ಹಾಕಿದ್ದೆ. ಜೊತೆಗೆ ಒಂದು ಫೈಲು, ನಾಟಕದ ಗ್ರೌಂಡ್ ಪ್ಲಾನು, ದೃಶ್ಯಕ್ಕೆ ದೃಶ್ಯ ಲೈಟ್ ಪ್ಲಾಟು, ಯಾವ ಪಾತ್ರ ಎಲ್ಲಿಂದ ಎಲ್ಲಿಗೆ ಎಷ್ಟೊತ್ತಿಗೆ ಅಂತ ಬಣ್ಣ ಬಣ್ಣದ ಪೆನ್ಸಿಲ್‌ನಲ್ಲಿ ಬರ್ದ ಚಾರ್ಟು. ನಾನು ಯೋಚನೆ ಮಾಡೋದೇ ಹಾಗೆ, ಮಾತಿನಲ್ಲಿ ಅಲ್ಲ. ಸಂದರ್ಶನದಲ್ಲಿ ಮೇಜಿನ ಆ ಕಡೆ ಒಂದು ದೊಡ್ಡ ಸಮಿತಿ, ತಲೆ ಮೇಲೆ ಕಿರ್ರ್ ಅನ್ನೋ ಫ್ಯಾನು, ಒಬ್ರು ಪ್ರಶ್ನೆ ಮುಗಿಸೋ ಮೊದ್ಲೇ ಇನ್ನೊಬ್ರು ಶುರು. ನಂಗೆ ಒಂದು ಪ್ರಶ್ನೆ ಒಳಗೆ ಇಳಿದು ಉತ್ರ ಆಗಿ ಬರಕ್ಕೆ ಸ್ವಲ್ಪ ಹೊತ್ತು ಬೇಕು, ಆ ಹೊತ್ತಲ್ಲಿ ನಾನು ಗೋಡೆ ನೋಡ್ತೀನಿ. ಆಗ ಒಬ್ರು ಹಿರಿಯರು ಅಂದ್ರು, 'ಏನಮ್ಮ, ಮುಖ ನೋಡಿ ಮಾತಾಡಕ್ಕೇ ಆಗಲ್ಲ ನಿಂಗೆ, ಇಪ್ಪತ್ತು ಜನದ ತಂಡ ಹೆಂಗ್ ನಡೆಸ್ತೀಯ?' ಆ ಫೈಲು ಅವ್ರ ಎದುರಿಗೇ ಇತ್ತು. ಇಪ್ಪತ್ತು ಜನರನ್ನ ಹೇಗೆ ನಡೆಸ್ತೀನಿ ಅನ್ನೋದು ಅದ್ರಲ್ಲಿ ನಿಮಿಷ ನಿಮಿಷಕ್ಕೂ ಬರ್ದಿತ್ತು, ಯಾರೂ ದಾರ ಬಿಚ್ಚಲಿಲ್ಲ.

ಇಲ್ಲಿ ನಂಗೆ ಒಂದು ವಿಷಯ ತುಂಬಾ ಕಾಡುತ್ತೆ. ತಾಲೀಮಲ್ಲಿ ಕಿರುಚಾಡೋ, ಸ್ಕ್ರಿಪ್ಟ್ ಎಸೆಯೋ, ಹೊಸ ಹುಡುಗೀರನ್ನ ಎಲ್ರ ಮುಂದೆ ಅಳ್ಸೋ ನಿರ್ದೇಶಕರನ್ನ ನಮ್ಮ ರಂಗಭೂಮಿ ದಶಕಗಟ್ಲೆ ಸಹಿಸ್ಕೊಂಡಿದೆ. 'ಅವ್ರ ಸ್ವಭಾವ ಅಷ್ಟೇ, ಆದ್ರೆ ಜೀನಿಯಸ್ಸು ಕಣ್ರೀ' ಅಂತೀವಿ. ಅದು ನಾಯಕತ್ವಕ್ಕೆ ಅಡ್ಡಿ ಅಂತ ಯಾವ ಸಮಿತಿಗೂ ಅನ್ಸಿಲ್ಲ. ಕಣ್ಣು ನೋಡಿ ಮಾತಾಡದೆ ಇರೋದು, ಪ್ರಶ್ನೆಗೆ ತಡವಾಗಿ ಉತ್ರ ಕೊಡೋದು, ಶೋ ಮುಗಿದ ಮೇಲೆ ಎಲ್ರ ಜೊತೆ ನಿಂತು ಟೀ ಕುಡೀತಾ ಹರಟದೆ ಮನೆಗೆ ಹೋಗೋದು, ಇದೆಲ್ಲಾ ಮಾತ್ರ ಅಡ್ಡಿ. ಇದನ್ನ ಸ್ವಲ್ಪ ಯೋಚನೆ ಮಾಡಿ ನೋಡಿ, ಪ್ಲೀಸ್.

ಇನ್ನೊಂದು ಕಡೆಯಿಂದಾನೂ ತೊಂದ್ರೆ ಇದೆ. ಆಟಿಸಂ ಅಂದ ತಕ್ಷಣ ಕೆಲವ್ರು 'ಓಹ್, ಅವ್ರಿಗೆ ಏನೋ ದೈವದತ್ತ ಶಕ್ತಿ ಇರುತ್ತೆ' ಅಂತಾರೆ. ಇಲ್ಲ. ನಮ್ಮಲ್ಲೂ ಸಾಧಾರಣ ನಟರಿದ್ದಾರೆ, ಕೆಟ್ಟ ನಾಟಕ ಮಾಡೋರಿದ್ದಾರೆ, ಇನ್ನೂ ಕಲೀತಿರೋರಿದ್ದಾರೆ. ಉಳಿದವ್ರಿಗೆ ಎರಡು ಮೂರು ಸೋತ ಪ್ರಯೋಗ ಮಾಡಕ್ಕೆ ಅವಕಾಶ ಇದೆ ಅಂದ್ರೆ ನಮಗೂ ಇರ್ಬೇಕು. ಪವಾಡ ತೋರಿಸಿದ್ರೆ ಮಾತ್ರ ಒಳಗೆ ಬಿಡ್ತೀವಿ ಅನ್ನೋದು ನ್ಯಾಯ ಅಲ್ಲ.

ನಮ್ಮ ತಂಡದ ಒಂದು ಕೆಲಸ ಹೇಳ್ತೀನಿ. ತಂಡದಲ್ಲಿ ಒಬ್ಬ ಹುಡುಗ ಇದ್ದಾನೆ, ಇಪ್ಪತ್ತು ದಾಟಿದೆ, ಆಟಿಸಂ ಇದೆ, ಮಾತು ಬೇಕಾದಾಗ ಒಂದೆರಡು ಅಷ್ಟೇ. ಮೊದ್ಲು ಬಂದಿದ್ದು ಸೌಂಡ್ ಆಪರೇಟ್ ಮಾಡಕ್ಕೆ. ನಾವು ತಾಲೀಮು ಮಾಡ್ತಿದ್ದಿದ್ದು ಒಂದು ಹಳೇ ಸಮುದಾಯ ಭವನದಲ್ಲಿ, ಅಲ್ಲಿ ಟ್ಯೂಬ್‌ಲೈಟಿನ ಚೋಕ್ ಗುಂಯ್ ಅಂತಿರುತ್ತೆ, ಉಳಿದವ್ರಿಗೆ ಅದು ಕೇಳ್ಸೋದೂ ಇಲ್ಲ, ಇವನು ಕಿವಿ ಮುಚ್ಕೊಂಡು ಕೂರ್ತಿದ್ದ. ಒಂದು ದೃಶ್ಯ, ಬಸ್ ಸ್ಟ್ಯಾಂಡಲ್ಲಿ ಒಬ್ಬ ತಾಯಿ ಮಗನಿಗೆ ಕಾಯ್ತಿರ್ತಾಳೆ, ನಾನು ಸುತ್ತ ಜನಜಂಗುಳಿ ಹಾಕಿ ಗಲಗಲ ಮಾಡಿದ್ದೆ, ಏನ್ ಮಾಡಿದ್ರೂ ದೃಶ್ಯ ನಿಲ್ತಾ ಇರ್ಲಿಲ್ಲ. ಒಂದು ಸಂಜೆ ಇವನು ಎದ್ದು ಬಂದು ಪ್ಲಾಸ್ಟಿಕ್ ಕುರ್ಚಿಗಳನ್ನ ಒಂದೊಂದೇ ಎಳೆದು ಸಾಲಾಗಿ ಇಟ್ಟ, ಎಲ್ಲಾ ಒಂದೇ ದಿಕ್ಕಿಗೆ, ಒಂದು ಮಾತ್ರ ಉಲ್ಟಾ. ನಟರ ತೋಳು ಹಿಡಿದು ಒಬ್ಬೊಬ್ಬರನ್ನೇ ಕೂರಿಸ್ದ, ತಾಯಿ ಪಾತ್ರದವ್ರನ್ನ ಆ ಉಲ್ಟಾ ಕುರ್ಚೀಲಿ. ಆಮೇಲೆ ಸೀದಾ ಸ್ವಿಚ್ ಬೋರ್ಡ್ ಹತ್ರ ಹೋಗಿ ಫ್ಯಾನ್ ಆರ್ಸಿದ, ಟ್ಯೂಬ್‌ಲೈಟ್ ಆರ್ಸಿದ. ಕಿಟಕಿ ಬೆಳಕು ಅಷ್ಟೇ ಉಳೀತು. ಆಗ ಕೇಳ್ಸಿದ್ದು ಏನು ಗೊತ್ತಾ, ಆ ನಟಿ ಕೈಯಲ್ಲಿದ್ದ ಸ್ಟೀಲ್ ಡಬ್ಬಿ ಮುಚ್ಚಳದ ಸದ್ದು, ಆಕೆ ಸುಮ್ನೆ ತೆಗೀತಾ ಮುಚ್ತಾ ಇದ್ರು, ದಿನಾ ಮಾಡ್ತಿದ್ರು ಅನ್ಸುತ್ತೆ, ನಮಗೆ ಯಾರ್ಗೂ ಗೊತ್ತೇ ಆಗಿರ್ಲಿಲ್ಲ. ಅವನು ಬೆರಳು ಎತ್ತಿ 'ಇನ್ನೊಂದ್ಸಲ' ಅಂದ.

ಆ ದೃಶ್ಯ ಹಾಗೇ ಉಳೀತು. ಸಂಭಾಷಣೆ ಅರ್ಧಕ್ಕರ್ಧ ತೆಗೆದ್ವಿ, ನನ್ನ ಲೈಟಿಂಗ್ ಪೂರ್ತಿ ಬದಲಾಯ್ತು. ಮುಂದಿನ ಎರಡು ದೃಶ್ಯಾನೂ ಅವನೇ ಕಟ್ಟಿದ, ನಾನು ಅವನಿಗೆ ಸಹಾಯಕಿ. ಮಾತಲ್ಲಿ ಸೂಚನೆ ಇಲ್ಲದೆ ಇರೋದ್ರಿಂದ ನಟರು ಅವನನ್ನ ಗಮನ ಇಟ್ಟು ನೋಡ್ಲೇಬೇಕಾಯ್ತು, ಮೊಬೈಲ್ ನೋಡ್ತಾ ಕೂರೋ ಹಾಗಿಲ್ಲ. ಎಲ್ರಿಗೂ ಇದು ಹಿಡಿಸ್ಲಿಲ್ಲ, 'ನಂಗೆ ಇವನು ಹೇಳ್ಕೊಡ್ತಾನಾ' ಅಂತ ಒಬ್ರು ಹಿರಿಯ ನಟರು ತಂಡಾನೇ ಬಿಟ್ರು, ವಾಪಸ್ ಬರ್ಲೂ ಇಲ್ಲ. ಪ್ರದರ್ಶನದ ದಿನ ಆಯೋಜಕರು ಏನ್ ಮಾಡಿದ್ರು ಅಂದ್ರೆ, ಇವನನ್ನ ವೇದಿಕೆಗೆ ಕರೆದು 'ನಮ್ಮ ಊರಿನ ವಿಶೇಷಚೇತನ ಯುವಕ' ಅಂತ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಚಪ್ಪಾಳೆ ಹೊಡೆಸಿದ್ರು. ಕರಪತ್ರದಲ್ಲಿ 'ದೃಶ್ಯ ಸಂಯೋಜನೆ' ಅಂತ ಅವನ ಹೆಸರು ಅಚ್ಚಾಗಿತ್ತು, ನಿರೂಪಕರು ಅದನ್ನ ಓದ್ಲೇ ಇಲ್ಲ. ಶಾಲು ಜಾರ್ತಾ ಇತ್ತು, ಅವನು ಮೈಕಿನ ಕೂಗು ತಡೆಯಕ್ಕೆ ಆಗದೆ ಇಳಿದು ಹೋದ. ಅವನ ಅಮ್ಮ ನಂಗೆ ಆಮೇಲೆ ಹೇಳಿದ್ದು ಒಂದೇ ಮಾತು, 'ಅವ್ನು ಮಾಡಿದ ಕೆಲ್ಸದ ಹೆಸ್ರು ಹೇಳಿದ್ರೆ ಸಾಕಿತ್ತಮ್ಮ.'

ಇದನ್ನ ಕೇಳಿದವ್ರು ಒಂದು ಪ್ರಶ್ನೆ ಹಾಕ್ತಾರೆ, 'ನೀವು ಪಕ್ಕದಲ್ಲಿ ಇದ್ದಿದ್ದಕ್ಕೆ ಆಯ್ತಲ್ವಾ, ಅವನೊಬ್ನೇ ಮಾಡ್ತಿದ್ನಾ?' ನಂದೊಂದು ಮರುಪ್ರಶ್ನೆ. ಯಾವ ನಿರ್ದೇಶಕರು ಒಬ್ರೇ ಮಾಡ್ತಾರೆ ಹೇಳಿ? ಸಹ ನಿರ್ದೇಶಕರು, ಸ್ಟೇಜ್ ಮ್ಯಾನೇಜರು, ಸಂಗೀತದವ್ರು, ಬೆಳಕಿನವ್ರು, ಪ್ರಸಾಧನದವ್ರು, ಲೆಕ್ಕ ನೋಡ್ಕೊಳ್ಳೋರು, ಎಲ್ರೂ ಬೇಕು. ಅವ್ರಿಗೆ ಸಹಾಯ ಇದ್ರೆ ಅದು ತಂಡ, ನಮಗೆ ಸಹಾಯ ಇದ್ರೆ ಅದು ಕೊರತೆ, ಇದು ಯಾವ ಲೆಕ್ಕ? ನೆನಾ ಕಲು ಜೊತೆಗೂ ವರ್ಷಗಳಿಂದ ಒಬ್ರು ಕಲಾವಿದೆ ನಿಂತಿದ್ದಾರೆ, ಪ್ರಶಸ್ತಿ ಸಮಾರಂಭದಲ್ಲಿ ಮಾತಾಡಿದ್ದೂ ಅವ್ರೇ, ಪ್ರಶಸ್ತಿ ಮಾತ್ರ ಕಲು ಅವ್ರದ್ದು ಅನ್ನೋದ್ರಲ್ಲಿ ಆ ತೀರ್ಪುಗಾರರಿಗೆ ಗೊಂದಲ ಆಗ್ಲಿಲ್ಲ.

ಮತ್ತೆ ಇದು ಯಾವುದೋ ವಿದೇಶದ ಫ್ಯಾಶನ್ನು, ನಮ್ಮ ಪರಂಪರೆಗೆ ಹೊಂದಲ್ಲ ಅನ್ನೋರಿಗೆ ಒಂದು ಮಾತು, ಅದಕ್ಕೆ ಮೊದ್ಲು ಅಲ್ಲಿನದ್ದೇ ಒಂದು ಕಥೆ ಕೇಳಿ. ಬ್ರಿಟನ್‌ನಲ್ಲಿ ಜೆಸ್ ಥಾಮ್ ಅಂತ ಕಲಾವಿದೆ, ಟುರೆಟ್ ಇದೆ, ಬೇಡ ಅಂದ್ರೂ ಬಾಯಿಂದ ಪದಗಳು ಬರ್ತವೆ. 2011ರಲ್ಲಿ ಒಂದು ಪ್ರದರ್ಶನ ನೋಡಕ್ಕೆ ಹೋದಾಗ ಉಳಿದ ಪ್ರೇಕ್ಷಕರಿಗೆ ತೊಂದ್ರೆ ಅಂತ ಆಕೆಯನ್ನ ಸೌಂಡ್ ಬೂತ್‌ನಲ್ಲಿ ಕೂರಿಸಿದ್ರು. ಆಕೆ ಅದನ್ನ ಅಲ್ಲಿಗೇ ಬಿಡದೆ ತಾನೇ ವೇದಿಕೆ ಹತ್ತಿದ್ರು, ರಿಲ್ಯಾಕ್ಸ್ಡ್ ಪ್ರದರ್ಶನಗಳ ಪರವಾಗಿ ಜೋರಾಗಿ ಕೆಲ್ಸ ಮಾಡಿದ್ರು. ಅಂದ್ರೆ ಪ್ರೇಕ್ಷಕರ ಕಡೆ ಪೂರ್ತಿ ಕತ್ತಲು ಮಾಡಲ್ಲ, ಕಿವಿಗೆ ಹೊಡೆಯೋ ಸದ್ದು ಕಮ್ಮಿ ಮಾಡ್ತಾರೆ, ಎದ್ದು ಓಡಾಡಬಹುದು, ಸದ್ದು ಮಾಡಬಹುದು, ಹೊರಗೆ ಹೋಗಿ ಮತ್ತೆ ಬರಬಹುದು. ಲಂಡನ್‌ನ ಬ್ಯಾಟರ್ಸೀ ಆರ್ಟ್ಸ್ ಸೆಂಟರ್ ಅನ್ನೋ ರಂಗಕೇಂದ್ರ 2020ರಲ್ಲಿ ಇಡೀ ಕೇಂದ್ರಾನೇ ಹೀಗೆ ನಡೆಸ್ತೀವಿ ಅಂತ ಘೋಷಿಸ್ತು.

ಇದನ್ನ ಓದಿದಾಗ ನಂಗೆ ನೆನಪಾಗಿದ್ದು ನಮ್ಮ ಬಯಲಾಟ. ಗದ್ದೆ ಬಯಲಲ್ಲಿ ರಾತ್ರಿಯಿಡೀ ಮೇಳದ ಆಟ, ಮಕ್ಕಳು ಚಾಪೆ ಮೇಲೆ ನಿದ್ದೆ, ಮಹಿಷಾಸುರ ದೊಂದಿ ಹಿಡ್ಕೊಂಡು ಪ್ರೇಕ್ಷಕರ ಮಧ್ಯದಿಂದ ಬರುವಾಗ ಎದ್ದು ಕೂಗು, ನಡುವೆ ಚುರುಮುರಿ ತಿನ್ನಕ್ಕೆ ಹೋಗೋರು, ಮತ್ತೆ ಬಂದು ಕೂರೋರು, ಯಾರೂ ಯಾರನ್ನೂ 'ಶ್' ಅಂದಿದ್ದಿಲ್ಲ. ಕಂಪನಿ ನಾಟಕದಲ್ಲಿ ಹಾಡು ಇಷ್ಟ ಆದ್ರೆ 'ಒನ್ಸ್ ಮೋರ್' ಅಂತ ಕಿರುಚಿ ಮತ್ತೆ ಹಾಡಿಸ್ತಿದ್ರು. ಎಷ್ಟೋ ಕಂಪನಿ ಕಲಾವಿದರಿಗೆ ಅಕ್ಷರ ಬರ್ತಿರ್ಲಿಲ್ಲ, ಮಾತು, ಹಾಡು, ಎಲ್ಲಾ ಕೇಳಿ ಕೇಳಿ ಕಲಿತದ್ದು, ಅದು ಕಮ್ಮಿ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ. ಇವತ್ತು ಡಿಸ್ಲೆಕ್ಸಿಯಾ ಇರೋ ಹುಡುಗನ ಕೈಗೆ ಸ್ಕ್ರಿಪ್ಟ್ ಕೊಟ್ಟು 'ಓದು' ಅಂತೀವಿ, ಅವನು ತಡವರಿಸಿದ್ರೆ ಪಾತ್ರ ಇನ್ನೊಬ್ಬನಿಗೆ ಹೋಗುತ್ತೆ. ರಂಗಭೂಮಿಗೆ ಓದು, ಕತ್ತಲು, ಪಿನ್‌ಡ್ರಾಪ್ ಸೈಲೆನ್ಸ್ ಇವೆಲ್ಲಾ ಕಡ್ಡಾಯ ಆಗಿದ್ದು ಇತ್ತೀಚೆಗೆ. ಹಾಗಾಗಿ ನಾನು ಕೇಳ್ತಿರೋದ್ರಲ್ಲಿ ಅರ್ಧ, ನಮ್ಮ ಅಜ್ಜಂದ್ರ ಕಾಲದಲ್ಲಿ ಇದ್ದಿದ್ದೇ.

ಸರಿ, ಏನು ಮಾಡಬಹುದು. ಮೊದ್ಲು ಅರ್ಜಿ. ಧನಸಹಾಯ, ಫೆಲೋಶಿಪ್, ಕೋರ್ಸು, ಯಾವುದೇ ಇರ್ಲಿ, ಬರೆದೇ ಕೊಡಬೇಕು ಅನ್ನೋದನ್ನ ಬಿಡಿ, ವಾಯ್ಸ್ ರೆಕಾರ್ಡಿಂಗ್ ಆಗ್ಲಿ ವಿಡಿಯೋ ಆಗ್ಲಿ ಚಿತ್ರಗಳಿರೋ ಫೈಲಾಗ್ಲಿ ತಗೊಳ್ಳಿ. ಸಂದರ್ಶನ ಇದ್ರೆ ಪ್ರಶ್ನೆಗಳನ್ನ ಮುಂಚೇನೇ ಕಳ್ಸಿ, ಒಬ್ರು ಕೇಳಿ ಮುಗಿಸಿದ ಮೇಲೆ ಇನ್ನೊಬ್ರು ಕೇಳಿ, ಜೊತೆಗೆ ನಂಬಿಕಸ್ತರೊಬ್ರನ್ನ ಕರ್ಕೊಂಡ್ ಬರಕ್ಕೆ ಬಿಡಿ, ಮಾತಿಗಿಂತ ಮಾಡಿದ ಕೆಲಸ ನೋಡಿ. ಇದ್ರಿಂದ ಹಳ್ಳಿ ಕಲಾವಿದರಿಗೂ ಅನುಕೂಲ ಆಗುತ್ತೆ, ಇಂಗ್ಲಿಷ್ ಮಿಶ್ರಿತ ಪ್ರಪೋಸಲ್ ಬರೆಯಕ್ಕೆ ಬರದೆ ಬಿಟ್ಟುಹೋದ ಎಷ್ಟು ಒಳ್ಳೇ ತಂಡಗಳು ನಿಮಗೇ ಗೊತ್ತಿರ್ಬೇಕು.

ಅಂಗವೈಕಲ್ಯದ ಸರ್ಟಿಫಿಕೇಟ್ ವಿಷಯ ಬಹಳ ಮುಖ್ಯ, ಇದ್ರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ. ಕಾಯ್ದೆಯ ಪಟ್ಟೀಲಿ 21 ಬಗೆಯ ಅಂಗವೈಕಲ್ಯ ಇದೆ. ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಅಂತ ಡಿಸ್ಲೆಕ್ಸಿಯಾನೂ ಬರುತ್ತೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಪಟ್ಟೀಲಿ ಇಲ್ಲ. ಪಟ್ಟೀಲಿ ಇರೋದಕ್ಕೂ ದೊಡ್ಡವರಾದ ಮೇಲೆ ಪರೀಕ್ಷೆ ಮಾಡ್ಸಿ ಅಂಗವಿಕಲರ ಕಾರ್ಡ್ ತಗೊಳ್ಳೋದು ಸುಲಭ ಅಲ್ಲ, ನಮ್ಮ ಕಡೆಯಿಂದ ಬೆಂಗಳೂರಿಗೋ ಮೈಸೂರಿಗೋ ಓಡಾಡಬೇಕು, ಬಾಲ್ಯ ಹೇಗಿತ್ತು ಅಂತ ಹೇಳಕ್ಕೆ ಅಪ್ಪ ಅಮ್ಮ ಇರ್ಬೇಕು, ಹೆಣ್ಮಕ್ಕಳಾದ್ರೆ 'ಮದ್ವೆ ಆಗೋ ಹುಡುಗಿಗೆ ಇದೆಲ್ಲಾ ಯಾಕೆ' ಅಂತ ಮನೇಲೇ ತಡೀತಾರೆ. ಮೀಸಲಾತಿಗೆ, ಪಿಂಚಣಿಗೆ ಕಾರ್ಡ್ ಕೇಳಿ, ಅದು ಬೇರೆ. ಪ್ರಶ್ನೆ ಮೊದ್ಲೇ ಕಳ್ಸಿ, ಸದ್ದಿಲ್ಲದ ರೂಮಲ್ಲಿ ಸಂದರ್ಶನ ಮಾಡಿ ಅನ್ನೋದಕ್ಕೆ ಯಾಕೆ ಕಾರ್ಡು? ಕೇಳಿದವ್ರಿಗೆಲ್ಲಾ ಕೊಟ್ರಾಯ್ತು. ಸುಳ್ಳು ಹೇಳಿ ಪ್ರಶ್ನೆ ಮೊದ್ಲೇ ತಗೊಂಡ್ರೆ ಏನಾಗುತ್ತೆ, ಅವ್ರೂ ಸ್ವಲ್ಪ ಚೆನ್ನಾಗಿ ಉತ್ರ ಕೊಡ್ತಾರೆ ಅಷ್ಟೇ.

ದುಡ್ಡಿನ ವಿಷಯ. ಸಹಾಯಕರ ಸಂಬಳ, ಹೆಚ್ಚಿನ ತಾಲೀಮಿನ ದಿನಗಳು, ಜೊತೆಗೆ ಬರೋರ ಪ್ರಯಾಣ, ಇದೆಲ್ಲಾ ನಾಟಕದ ಅನುದಾನದಿಂದಲೇ ಕಳೀಬಾರದು, ಪ್ರತ್ಯೇಕ ಖರ್ಚು ಅಂತ ಬರ್ಕೊಳ್ಳಕ್ಕೆ ಒಂದು ಕಾಲಂ ಬೇಕು. ಇಂಗ್ಲೆಂಡಲ್ಲಿ ಕಲೆಗೆ ಸಾರ್ವಜನಿಕ ಹಣ ಹಂಚೋ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್ ಕೊಡೋ ಪ್ರಾಜೆಕ್ಟ್ ಅನುದಾನದಲ್ಲಿ ಕಲಾವಿದರ ಇಂಥ ವೈಯಕ್ತಿಕ ಖರ್ಚು ಮೂಲ ಮೊತ್ತದ ಮೇಲೆ ಬೇರೆಯಾಗಿ ಕೇಳಬಹುದು. ನಮ್ಮಲ್ಲಿ ಒಂದೇ ಮೊತ್ತದಲ್ಲಿ ಎಲ್ಲಾ ಮುಗಿಸಬೇಕು ಅಂದ್ರೆ ಯಾವ ತಂಡ ನಮ್ಮಂಥವರನ್ನ ನಿರ್ದೇಶಕರಾಗಿ ಕರೀತಾರೆ?

ರಂಗಶಿಕ್ಷಣ ಕೊಡೋ ಸಂಸ್ಥೆಗಳವ್ರು ನಮ್ಮನ್ನ ಕೂರಿಸ್ಕೊಂಡು ಕೋರ್ಸನ್ನ ಒಂದ್ಸಲ ನೋಡಿ. ಬೆಳಗ್ಗೆ ಆರಕ್ಕೆ ಎದ್ದು ರಾತ್ರಿವರೆಗೂ ಗುಂಪಲ್ಲೇ ಇರ್ಬೇಕು, ಹೇಳದೆ ಕೇಳದೆ ವೇಳಾಪಟ್ಟಿ ಬದಲಾಗುತ್ತೆ, ಮುಟ್ಟಿ ಮಾಡೋ ಎಕ್ಸರ್‌ಸೈಜ್‌ಗೆ ಬೇಡ ಅಂದ್ರೆ 'ಓಪನ್ ಆಗಿಲ್ಲ' ಅಂತ ಹಣೆಪಟ್ಟಿ. ನಮ್ಮ ತಂಡದಲ್ಲಿ ನಾಳೆ ಏನು ಅಂತ ಇವತ್ತು ಸಂಜೇನೇ ವಾಟ್ಸಾಪ್‌ನಲ್ಲಿ ಹೋಗುತ್ತೆ, ಸೂಚನೆಗಳು ವಾಯ್ಸ್ ನೋಟ್‌ನಲ್ಲೂ ಇರುತ್ತೆ, ಬರಹದಲ್ಲೂ ಇರುತ್ತೆ, ವಿರಾಮ ಹೇಳಿದ ಟೈಮಿಗೇ ಸಿಗುತ್ತೆ, ಪಕ್ಕದ ಸಣ್ಣ ರೂಮಲ್ಲಿ ಯಾರು ಬೇಕಾದ್ರೂ ಹೋಗಿ ಸುಮ್ನೆ ಕೂರಬಹುದು. ಇದಕ್ಕೆ ಖರ್ಚಾಗಿದ್ದು ಏನೂ ಇಲ್ಲ, ಆಟಿಸಂ ಇಲ್ಲದವ್ರೂ ಈಗ ಬೇರೆ ತಂಡಕ್ಕೆ ಹೋದ್ರೆ ಇದನ್ನೇ ಕೇಳ್ತಾರೆ.

ಕೊನೇದಾಗಿ, ಸಮಿತಿಗಳು. ಅಕಾಡೆಮಿಗಳಿಗೆ ಸರ್ಕಾರ ಸದಸ್ಯರನ್ನ ನೇಮಿಸುವಾಗ ಪ್ರದೇಶ, ಸಮುದಾಯ, ಮಹಿಳೆ, ಪ್ರಕಾರ ಅಂತೆಲ್ಲಾ ನೋಡ್ತೀರಿ, ನೋಡ್ಲೇಬೇಕು. ಆ ಯೋಚನೇಲಿ ನಮ್ಮನ್ನೂ ಸೇರಿಸಿ. ಒಬ್ರನ್ನ ಮಾತ್ರ ಹಾಕಿದ್ರೆ ಅವ್ರು ಫೋಟೋಗೆ ಅಷ್ಟೇ ಆಗ್ತಾರೆ, ಸುತ್ತ ಎಲ್ರೂ ಜೋರಾಗಿ ಮಾತಾಡೋ ಸಭೇಲಿ ಒಬ್ರ ದನಿ ಉಳಿಯಲ್ಲ, ಕನಿಷ್ಠ ಇಬ್ರಾದ್ರೂ ಇರ್ಲಿ. ಸಭೆಯಲ್ಲಿ ಮಾತಾಡಕ್ಕೆ ಆಗದವ್ರು ಬರೆದು ಕಳಿಸಿದ ಅಭಿಪ್ರಾಯಕ್ಕೂ ನಡಾವಳಿಯಲ್ಲಿ ಅಷ್ಟೇ ಬೆಲೆ ಇರ್ಲಿ. ಮತ್ತೆ ದಯವಿಟ್ಟು ನಮ್ಮ ಪರವಾಗಿ ಪೋಷಕರನ್ನ, ಡಾಕ್ಟರನ್ನ, ಸ್ಪೆಷಲ್ ಟೀಚರನ್ನ ಮಾತ್ರ ಕರೀಬೇಡಿ. ಅವ್ರ ಮೇಲೆ ಗೌರವ ಇದೆ, ಎಷ್ಟೋ ಜನರಿಗೆ ಅವ್ರಿಲ್ದೆ ಬದುಕಿಲ್ಲ, ಆದ್ರೆ ನಾಟಕ ಹೇಗಿರ್ಬೇಕು ಅಂತ ನಾಟಕ ಮಾಡೋರನ್ನ ಕೇಳಿ.

ಇದ್ರಲ್ಲಿ ಕೆಲವಕ್ಕೆ ನಿಯಮ ಬದಲಾಗ್ಬೇಕು, ಬಜೆಟ್ ಬೇಕು, ಟೈಮ್ ಹಿಡಿಯುತ್ತೆ, ಗೊತ್ತು. ಮುಂದಿನ ಸಲ ಅರ್ಜಿ ಕರೆಯೋ ಪ್ರಕಟಣೇಲಿ 'ಧ್ವನಿಮುದ್ರಿಕೆ ಅಥವಾ ವಿಡಿಯೋ ರೂಪದಲ್ಲೂ ಅರ್ಜಿ ಸಲ್ಲಿಸಬಹುದು, ಸಂದರ್ಶನದ ಪ್ರಶ್ನೆಗಳನ್ನು ಮುಂಚಿತವಾಗಿ ಕೋರಬಹುದು' ಅಂತ ಎರಡು ಸಾಲು ಸೇರಿಸಕ್ಕೆ ಬಜೆಟ್ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಕರಡು ಬೇಕು ಅಂದ್ರೆ ನಾವೇ ಬರ್ಕೊಡ್ತೀವಿ. ಸಭೆಗೆ ಕರೆದ್ರೂ ಬರ್ತೀವಿ, ಅಜೆಂಡಾ ಮಾತ್ರ ಒಂದು ವಾರ ಮುಂಚೆ ಕಳ್ಸಿ.

ಇಂತಿ,
ಶಿವಮೊಗ್ಗ ಜಿಲ್ಲೆಯ ಒಬ್ಬ ರಂಗಕರ್ಮಿ